ಎರಡು ಕೂಗಿನ ಗುಡ್ಡ

ಮರಡಿಹಟ್ಟಿಯಲ್ಲಿ ಬಸ್ಸಿಳಿದು ಪಡುವಣಕ್ಕೆ ಮುಖ ಮಾಡಿದರೆ ಎದುರಿಗೆ ಕಾಣುವುದೇ ಎರಡು ಕೂಗಿನ ಗುಡ್ಡ. ಕಾಣುವುದು ಎಂದರೂ ಅದು ಬೇಸಗೆಯ ಮಾತಾಯಿತು. ಮುಂಗಾರು ಹಿಡಿದ ಮೇಲೆ ಗುಡ್ಡದ ತಲೆ ಮಂಜಿನೊಳಗೆ ಸೇರಿಹೋಗಿ, ಸೊಂಟದ ಕೆಳಗಿನದಷ್ಟೇ ನೋಡುವವರ ಪಾಲಿಗೆ ಉಳಿಯುತ್ತದೆ. ಸುತ್ತಲೂ ಕಣ್ಣು ಹಾಯುವಷ್ಟು ದೂರ ಕಡಲೆಕಾಯಿ ಹೊಲಗಳ ಬಯಲು, ನಡುವೆ ಈ ಒಂಟಿ ಗುಡ್ಡ. ಬುಡದಲ್ಲಿ ಯಾರೋ ಪುಣ್ಯಾತ್ಮರು ಈಚೆಗೆ ‘ಎಕೋ ಪಾಯಿಂಟ್’ ಎಂದು ಹಲಗೆ ನೆಡಿಸಿದ್ದಾರೆ. ಹಲಗೆ ಬರೆಸಿದವರು ಗುಡ್ಡ ಹತ್ತಿ ನೋಡಿದವರಲ್ಲ. ಕೂಗಿದ ಕೂಗನ್ನು ಹಿಂದಕ್ಕೆ ಕಳಿಸಬಲ್ಲ ಎದುರುಬಂಡೆ ಅಲ್ಲಿ ಒಂದೂ ಇಲ್ಲ. ಕೂಗು ಬಯಲಿಗೆ ಬಿದ್ದು ಬಯಲಲ್ಲೇ ಕರಗುತ್ತದೆ. ಆದರೂ ರಜೆಯ ದಿನ ಬಂದವರು ಚುರುಮುರಿ ತಿಂದು, ಗಂಟಲು ಸರಿಮಾಡಿಕೊಂಡು ಕೂಗುತ್ತಾರೆ. ಉತ್ತರವೂ ಬರುತ್ತದೆ. ಅದು ಎಲ್ಲಿಂದ ಬಂತು ಎಂದು ಕೇಳುವ ವ್ಯವಧಾನ ಅವರಲ್ಲಿ ಬಹಳ ಜನಕ್ಕೆ ಇರುವುದಿಲ್ಲ. ಕೇಳಿದವರಿಗೆ ಹಟ್ಟಿಯ ಹಿರಿಯರು ಅರ್ಧ ಗುಡ್ಡದಲ್ಲಿರುವ ಕಲ್ಲುಗೋಡೆಯ ರೊಪ್ಪವನ್ನು, ಅಂದರೆ ಆಡುಗಳನ್ನು ಕೂಡುವ ದೊಡ್ಡಿಯನ್ನು ತೋರಿಸಿ, ಬೊಮ್ಮಕ್ಕನಿಂದ ಮಾತು ಶುರುಮಾಡುತ್ತಾರೆ.

ಹಿಂದೆ ಈ ಗುಡ್ಡಕ್ಕೆ ನವಿಲುಗುಡ್ಡ ಎಂಬ ಹೆಸರಿತ್ತಂತೆ. ಮರಡಿಹಟ್ಟಿಯವರು ಮೊದಲಿನಿಂದಲೂ ಆಡು ಕುರಿ ಸಾಕಿದವರು. ಮುಂಗಾರಿನಲ್ಲಿ ಮೇಲೆ ಹುಲ್ಲು ಚಿಗುರುತ್ತಿತ್ತು, ಅದೇ ಹೊತ್ತಿಗೆ ಮಂಜೂ ಇಳಿಯುತ್ತಿತ್ತು. ಆ ಮಂಜು ಎಂಥದೆಂದರೆ ಚಾಚಿದ ಕೈ ಕಾಣದು, ಕೂಗು ಎಡಕ್ಕೆ ಹುಟ್ಟಿದರೆ ಬಲಕ್ಕೆ ಕೇಳುತ್ತದೆ. ಕೂಗಿದ ಕಡೆಗೆ ಓಡಿ ಬಂಡೆಯ ಅಂಚಿನಿಂದ ಬಿದ್ದವರು ಹಟ್ಟಿಯಲ್ಲಿ ತಲೆಮಾರಿಗೊಬ್ಬರಾದರೂ ಇದ್ದರು. ಅದಕ್ಕೇ ಹಿರಿಯರು ಒಂದು ಕಟ್ಟು ಮಾಡಿದ್ದರು. ಮಂಜಿನಲ್ಲಿ ಕೂಗು ಕೇಳಿದರೆ ಮೊದಲನೆಯದಕ್ಕೆ ಓಗೊಡಬಾರದು, ಎರಡನೆಯದಕ್ಕೂ ಓಗೊಡಬಾರದು, ಮೂರನೆಯ ಸಲ ಕೂಗಿದರೆ ಮಾತ್ರ ‘ಓ’ ಎನ್ನಬೇಕು. ಮೂರು ಸಲ ಕೇಳುವಷ್ಟರಲ್ಲಿ ದಿಕ್ಕು ತಿಳಿಯುತ್ತದೆ ಎಂಬುದು ಅದರ ಲೆಕ್ಕಾಚಾರವಾಗಿದ್ದೀತು. ಆದರೆ ತಿಳಿವಳಿಕೆಯ ಮಾತು ಹಳೆಯದಾದಂತೆ ಅದಕ್ಕೆ ಭಯ ಅಂಟಿಕೊಂಡಿತು. ಕೂಗುವುದು ಮಂಜೇ, ಅದು ಗುರುತಿನವರ ದನಿ ಕದ್ದು ಕೂಗುತ್ತದೆ, ಎರಡು ಸಲ ಕೂಗಿ ಸುಮ್ಮನಾಗುತ್ತದೆ, ಓಗೊಟ್ಟವರನ್ನು ಬಿಡುವುದಿಲ್ಲ ಎಂದು ಹಟ್ಟಿಯವರು ನಂಬಿದರು. ಹಾಗಾಗಿ ಮೇಲೆ ದಾರಿ ತಪ್ಪಿದವರು ಎಷ್ಟೇ ಸುಸ್ತಾಗಿರಲಿ, ಮೂರು ಸಲ ಎಣಿಸಿ ಕೂಗುತ್ತಿದ್ದರು. ನಡೆಯಲು ಕಲಿತ ಮಗುವಿಗೂ ಇದು ಗೊತ್ತಿತ್ತು. ಹೊರಗಿನವರಿಗೆ ಯಾರೂ ಹೇಳಿರಲಿಲ್ಲ, ಏಕೆಂದರೆ ಹೊರಗಿನವರು ಆ ಗುಡ್ಡ ಹತ್ತುತ್ತಲೇ ಇರಲಿಲ್ಲ.

ಬೊಮ್ಮಕ್ಕನ ಗಂಡ ಚಿತ್ತಯ್ಯ ಆ ರೊಪ್ಪ ಕಟ್ಟಿದವನು. ಗಂಡಹೆಂಡಿರಿಗೆ ಮಕ್ಕಳಿರಲಿಲ್ಲ. ಮಳೆಗಾಲವಿಡೀ ಇಬ್ಬರೂ ಗುಡ್ಡದ ಮೇಲೆಯೇ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಒಂದು ದಿನ ಬೆಳಗಿನ ಮುದ್ದೆಗೆ ಕೂತಿದ್ದಾಗ ಮಂಜಿನೊಳಗಿಂದ ಚಿತ್ತಯ್ಯನ ಅಣ್ಣನ ದನಿ ಕೇಳಿತು. ಚಿತ್ತಯ್ಯ ಕೈ ತೊಳೆಯದೆ ಎದ್ದ. ಬೊಮ್ಮಕ್ಕ ಅವನ ಕಂಬಳಿಯ ಅಂಚು ಹಿಡಿದು, “ತಡಿ, ಇನ್ನೆರಡು ಕೂಗು ಬರ್ಲಿ” ಎಂದಳು. ಅವನು ನಕ್ಕು, “ಬಂದೆ ಕಣಣ್ಣಾ” ಎಂದು ಕೂಗಿಕೊಂಡೇ ಹೋದ. ಮಂಜು ತೆರೆದ ಮೇಲೆ ದೊಡ್ಡ ಬಂಡೆಯ ಕೆಳಗೆ ಸಿಕ್ಕಿದ. ಅಣ್ಣ ಆ ದಿನ ಹಟ್ಟಿ ದಾಟಿ ಎಲ್ಲಿಗೂ ಹೋಗಿರಲಿಲ್ಲ. ಕೂಗಿದ್ದು ಯಾರು ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಹಟ್ಟಿಯ ಯಜಮಾನ ಕಾಟಣ್ಣ ಬೊಮ್ಮಕ್ಕನನ್ನು ಕೆಳಗೆ ಬಂದಿರುವಂತೆ ಎಷ್ಟೋ ಕೇಳಿಕೊಂಡ. ಅವಳು ಬರಲಿಲ್ಲ. ಗಂಡ ಬಿದ್ದ ಗುಡ್ಡವನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂಬುದು ಅವಳ ಹಟ. ಆಡುಗಳು, ಒಲೆ, ಗಾಳಿ, ಇವುಗಳ ಜೊತೆ ಒಬ್ಬಳೇ ಉಳಿದಳು. ವಾರಕ್ಕೊಮ್ಮೆ ರಾಗಿ ಉಪ್ಪಿಗೆ ಇಳಿದಾಗ ಬಿಟ್ಟರೆ ಮನುಷ್ಯರ ಮಾತು ಅವಳ ಕಿವಿಗೆ ಬೀಳುತ್ತಿರಲಿಲ್ಲ. ಮೂರು ಕೂಗಿನ ಕಟ್ಟನ್ನು ಅವಳಷ್ಟು ಬಿಗಿಯಾಗಿ ಹಿಡಿದವರು ಹಟ್ಟಿಯಲ್ಲಿ ಇನ್ನೊಬ್ಬರಿರಲಿಲ್ಲ. ಹಿಡಿಯದೆ ಏನು ಮಾಡಿಯಾಳು.

ಹೀಗಿರುವಾಗ ಒಂದು ಮುಂಗಾರಿನಲ್ಲಿ ಬಯಲಿನ ಕಡಲೆಕಾಯಿಗೆ ಕಂಬಳಿಹುಳು ಬಿತ್ತು. ಹೊಲದಿಂದ ಹೊಲಕ್ಕೆ ನೆಲವೇ ಹರಿದಾಡಿದಂತೆ ಹುಳು ಸಾಗುತ್ತಿತ್ತಂತೆ. ಔಷಧಿ ಪುಡಿ ಚೆಲ್ಲಲು ಒಂದು ಪುಟ್ಟ ವಿಮಾನ ಬಂತು. ಒಣಗಿದ ಕೆರೆಯಂಗಳವನ್ನು ಸಮ ಮಾಡಿ ಅದು ಇಳಿದೇಳಲು ಜಾಗ ಮಾಡಿಕೊಟ್ಟರು. ಹೊಲದ ಎರಡು ತುದಿಗೆ ಬಿಳಿ ಬಟ್ಟೆ ಹಿಡಿದು ಆಳುಗಳು ನಿಲ್ಲುವುದು, ವಿಮಾನ ಅವರ ತಲೆ ಸವರಿದ ಹಾಗೆ ಹಾರಿಹೋಗುವುದು, ಪುಡಿಯ ಮೋಡ ಇಳಿಯುವುದು. ಕೆಲಸ ಕೆಟ್ಟರೂ ಸರಿ ಎಂದು ಜನ ನೋಡುತ್ತ ನಿಲ್ಲುತ್ತಿದ್ದರು. ಅದನ್ನು ಹಾರಿಸುತ್ತಿದ್ದವನು ಕೊಡಗಿನ ಕಡೆಯ ಹುಡುಗ ಪೂವಯ್ಯ. ಎತ್ತರದ ಆಳು, ನಗುಮೊಗ, ಯಾರ ಮನೆಯ ಜಗಲಿಯಲ್ಲಾದರೂ ಕೂತು ಕಾಫಿ ಕುಡಿಯುವವನು. ಗಾಳಿ ಏಳುವ ಮುಂಚೆ ಪುಡಿ ಚೆಲ್ಲಬೇಕಾದ್ದರಿಂದ ಬೆಳಗಾಗುತ್ತಲೇ ಅವನ ಕೆಲಸ ಶುರುವಾಗುತ್ತಿತ್ತು. ಬಯಲಿನಲ್ಲಿ ಅಡ್ಡ ಬರುವುದು ಈ ಗುಡ್ಡ ಒಂದೇ. ಮೇಲಿಂದ ನೋಡಿದ ಗುಡ್ಡವನ್ನು ಕಾಲಿನಿಂದಲೂ ನೋಡಿಬಿಡೋಣ ಎಂದು ಒಂದು ಮಧ್ಯಾಹ್ನ ಅವನು ಒಬ್ಬನೇ ಹತ್ತಿ ಬಂದ.

ಗುಡಿಸಲಿನ ಮುಂದೆ ನಿಂತವನನ್ನು ಕಂಡು ಬೊಮ್ಮಕ್ಕನಿಗೆ ಗಾಬರಿ. ತಾನೇ ವಿಮಾನದವನು ಎಂದು ತಿಳಿಸಿದ ಮೇಲೆ ಗಾಬರಿ ಇನ್ನೂ ಹೆಚ್ಚಾಯಿತು. ಆಮೇಲೆ ಮಜ್ಜಿಗೆ ಕೊಟ್ಟಳು. ಅವನು ಎರಡು ಲೋಟ ಕುಡಿದು ಕಲ್ಲಿನ ಮೇಲೆ ಕೂತ. ಬಹಳ ದಿನದಿಂದ ಮಾತು ಕೂಡಿಟ್ಟುಕೊಂಡವಳಿಗೆ ಕೇಳುವುದು ಬೇಕಾದಷ್ಟಿತ್ತು. “ಅಷ್ಟೆತ್ರಕ್ಕೆ ಒಬ್ಬನೇ ಹೋಗ್ತೀಯಲ್ಲಪ್ಪ, ಬ್ಯಾಸರಾಗಕಿಲ್ವಾ?” ಎಂದಳು.

“ಆಗುತ್ತೆ ಬೊಮ್ಮಕ್ಕ. ಆದ್ರೆ ನಿಮ್ಮ ಒಲೆ ಹೊಗೆ ಕಾಣುತ್ತಲ್ಲ, ಅದು ಕಂಡ ಕೂಡ್ಲೆ ವಿಮಾನ ತಿರುಗಿಸ್ತೀನಿ. ನನಗೆ ಅದೇ ಗುರುತು. ನೀವೂ ಇಲ್ಲಿ ಒಬ್ರೇ ಇರ್ತೀರಲ್ಲ, ನಿಮಗೆ ಆಗಲ್ವಾ?”

ಅವಳು ಖಾಲಿ ಲೋಟ ಎತ್ತಿಕೊಂಡಳು. ಅವನು ಹೊರಡುವಾಗ, “ಮಂಜು ಇದ್ದಾಗ ಈ ಕಡೆ ಬರಬ್ಯಾಡ ನನ್ನಪ್ಪ” ಎಂದಳು. ಮಂಜಿದ್ದರೆ ವಿಮಾನ ಏರಿಸುವುದೇ ಇಲ್ಲ ಎಂದು ಅವನು ನಗುತ್ತ ಇಳಿದುಹೋದ. ಆವತ್ತಿನಿಂದ ಪ್ರತಿ ಬೆಳಗೂ ವಿಮಾನ ಗುಡಿಸಲಿನ ಮೇಲೆ ಬಂದಾಗ ಒಂದು ರೆಕ್ಕೆಯನ್ನು ಸ್ವಲ್ಪ ತಗ್ಗಿಸಿ ಹೋಗುತ್ತಿತ್ತು. ಬೊಮ್ಮಕ್ಕ ಅಂಗಳದಲ್ಲಿ ನಿಂತು ಸೆರಗು ಬೀಸುತ್ತಿದ್ದಳು. ಅದಕ್ಕೋಸ್ಕರ ಒಲೆಯನ್ನು ಬೇಗ ಹೊತ್ತಿಸುವುದನ್ನೂ ರೂಢಿ ಮಾಡಿಕೊಂಡಳು. ಬೊಮ್ಮಕ್ಕನಿಗೆ ಆಕಾಶದಲ್ಲೊಬ್ಬ ನೆಂಟ ಸಿಕ್ಕಿದ ಎಂದು ಹಟ್ಟಿಯ ಹೆಂಗಸರು ತಮಾಷೆ ಮಾಡಿದರೆ ಅವಳಿಗೆ ಒಳಗೊಳಗೇ ಹಿಗ್ಗು.

ಕೆಲಸ ಮುಗಿಯುತ್ತ ಬಂದ ದಿನಗಳಲ್ಲಿ ಒಂದು ಬೆಳಗ್ಗೆ ಕೆರೆಯಂಗಳದಲ್ಲಿ ಬೆಳಕು ತಿಳಿಯಾಗಿಯೇ ಇತ್ತು ಎನ್ನುತ್ತಾರೆ. ಗುಡ್ಡದ ತಲೆಯ ಮೇಲೆ ಮಾತ್ರ ಮೋಡ ಕೂತಿತ್ತು. ಪೂವಯ್ಯ ಅದನ್ನು ನೋಡಿ ಸ್ವಲ್ಪ ಹೊತ್ತು ಕಾಯೋಣವೆಂದ. ಆದರೆ ಗುಡ್ಡದಾಚೆಯ ಹೊಲಗಳಿಗೆ ಹುಳು ನುಗ್ಗಿತ್ತು, ಕಾದರೆ ಗಾಳಿ ಏಳುತ್ತದೆ, ಹೊಲದವರು ಅವನ ಮುಖ ನೋಡುತ್ತ ನಿಂತಿದ್ದರು. ಮೋಡದ ಕೆಳಗಿಂದ ಹೋಗಿ ಬಂದರಾಯಿತು ಎಂದು ಅವನು ಏರಿದ. ಅವನು ಗುಡ್ಡದ ಮಗ್ಗುಲಿಗೆ ಬರುವಷ್ಟರಲ್ಲಿ ತುಂತುರು ಹಿಡಿದು ಮೋಡ ಸೊಂಟದವರೆಗೆ ಜಾರಿತು. ಬೊಮ್ಮಕ್ಕನ ಒಲೆ ಉರಿಯುತ್ತಿತ್ತು. ಹೊಗೆಗೂ ಮಂಜಿಗೂ ಒಂದೇ ಬಣ್ಣ. ಎಲ್ಲಿ ತಿರುಗಬೇಕು ಎಂಬ ಗುರುತೇ ಅವನಿಗೆ ಕಳೆದುಹೋಯಿತು. ಗುಡಿಸಲಿನ ಒಳಗಿದ್ದ ಬೊಮ್ಮಕ್ಕ ಆ ಸದ್ದನ್ನು ಕೇಳಿದಳು. ದಿನದ ಹಾಗೆ ಬಂದು ಹೋಗದೆ ಅದು ಹತ್ತಿರದಲ್ಲೇ ಸುತ್ತಿತು, ಒಮ್ಮೆ ತಲೆಯ ಮೇಲೆ, ಒಮ್ಮೆ ಕಾಲ ಕೆಳಗೆ. ಹೊರಗೆ ಬಂದು ಸೆರಗು ಬೀಸಿದಳು. ಯಾರಿಗೆ ಕಾಣಬೇಕು. ಆಮೇಲೆ ರೊಪ್ಪದ ಹಿಂದಿನ ತಗ್ಗಿನಲ್ಲಿ ಬಂಡೆ ಉರುಳಿದಂಥ ಶಬ್ದವಾಗಿ ಆಡುಗಳೆಲ್ಲ ಒಂದೇ ಸಮನೆ ಅರಚಿದವು. ಸದ್ದು ನಿಂತಿತು. ಮಳೆಗಾಲದಲ್ಲಿ ಬಂಡೆ ಉರುಳುವುದು ಇದ್ದೇ ಇದೆ, ವಿಮಾನ ದೂರ ಹೋಗಿರಬೇಕು ಎಂದು ಅವಳು ತನಗೆ ತಾನೇ ಹೇಳಿಕೊಂಡಳು.

ಆಗ ಮಂಜಿನೊಳಗಿಂದ ಕೂಗು ಬಂತು. “ಬೊಮ್ಮಕ್ಕಾ.”

ಪೂವಯ್ಯನದೇ ದನಿ. ಅವಳ ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ ಹೋಯಿತು. ‘ಓ’ ಎನ್ನುವುದು ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಮುದ್ದೆಯ ಕೈಯಲ್ಲೇ ಎದ್ದುಹೋದ ಚಿತ್ತಯ್ಯ ಕಣ್ಣ ಮುಂದೆ ಬಂದ. ಅವನಿಗೂ ಗುರುತಿನ ದನಿಯೇ ಕೇಳಿದ್ದು. ಆಕಾಶದಲ್ಲಿರಬೇಕಾದವನು ತಗ್ಗಿನಲ್ಲಿ ಕೂತು ತನ್ನ ಹೆಸರು ಹಿಡಿದು ಯಾಕೆ ಕೂಗಿಯಾನು? ಅವಳು ಗುಡಿಸಲಿನ ಕಂಬ ಹಿಡಿದುಕೊಂಡಳು. ಮತ್ತೆ ಬಂತು, ಮೊದಲಿಗಿಂತ ಸಣ್ಣದಾಗಿ, “ಬೊಮ್ಮಕ್ಕಾ.” ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ಇನ್ನೊಂದು ಸಲ ಕೂಗಲಿ, ಇನ್ನೊಂದೇ ಒಂದು ಸಲ, ಮನುಷ್ಯನೇ ಆಗಿದ್ದರೆ ಕೂಗುತ್ತಾನೆ, ಕೂಗಿದ ಮರುಗಳಿಗೆ ಓಡಿಹೋಗುತ್ತೇನೆ ಎಂದು ಮೈಯೆಲ್ಲ ಕಿವಿಯಾಗಿ ನಿಂತಳು. ಒಲೆ ಆರಿತು. ಆಡುಗಳು ಸುಮ್ಮನಾದವು. ಮೂರನೆಯ ಕೂಗು ಬರಲಿಲ್ಲ.

ಹೊತ್ತು ಇಳಿಯುವಾಗ ಮಂಜು ತೆರೆಯಿತು. ಹಟ್ಟಿಯವರೂ ಹೊಲದವರೂ ಹುಡುಕಿಕೊಂಡು ಮೇಲೆ ಬಂದರು. ವಿಮಾನ ರೊಪ್ಪದ ಹಿಂದಿನ ತಗ್ಗಿನಲ್ಲಿ ಮೂಗು ಜಜ್ಜಿಕೊಂಡು ಬಿದ್ದಿತ್ತು. ಪೂವಯ್ಯ ಅದರೊಳಗೆ ಇರಲಿಲ್ಲ. ಹೊರಗೆ ತೆವಳಿ ಬಂದು, ಮುರಿದ ಕಾಲನ್ನು ತನ್ನ ಕೊರಳಿನ ಬಟ್ಟೆಯಿಂದ ತಾನೇ ಕಟ್ಟಿಕೊಂಡು, ಬಂಡೆಗೆ ಒರಗಿ ಕೂತಿದ್ದ. ಮುಖ ಗುಡಿಸಲಿನ ಕಡೆಗಿತ್ತು. ಉಸಿರಿರಲಿಲ್ಲ, ಮೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಬೊಮ್ಮಕ್ಕ ಅವನ ಕಾಲ ಬಳಿ ಕುಕ್ಕರಿಸಿ, ನಡೆದದ್ದನ್ನು ಹೇಳಿದಳು. ಕಾಟಣ್ಣ ಅವಳ ತಲೆಯ ಮೇಲೆ ಕೈಯಿಟ್ಟು, “ನೀ ಮಾಡಿದ್ದು ಸರಿಯಾಗೈತೆ ಕಣವ್ವ. ಎರಡು ಕೂಗಿಗೆ ಯಾರಾದ್ರೂ ಓಗೊಡ್ತಾರಾ? ನಾನಾಗಿದ್ರೂ ಕೊಡ್ತಿರಲಿಲ್ಲ” ಎಂದ. ನೆರೆದವರೆಲ್ಲ ಹೌದೆಂದರು. ಒಬ್ಬರಾದರೂ ಬೈದಿದ್ದರೆ ಅವಳಿಗೆ ಅಳಲಾದರೂ ಆಗುತ್ತಿತ್ತು. ಸರಿ ಮಾಡಿದೆ ಎಂದು ಊರಿಗೆ ಊರೇ ಹೇಳಿದ ಮೇಲೆ ಅವಳ ಸಂಕಟಕ್ಕೆ ಎಲ್ಲೂ ಜಾಗವಿಲ್ಲದಂತಾಯಿತು.

ಕೆಲವು ದಿನ ಕಳೆದು ಪೂವಯ್ಯನ ತಂದೆ ಬಂದರು. ಮಗ ಬಿದ್ದ ಜಾಗ ನೋಡಬೇಕೆಂದು, ಕೋಲು ಊರಿಕೊಂಡು ಗುಡ್ಡ ಹತ್ತಿದರು. ಹೆಚ್ಚು ಮಾತಿನವರಲ್ಲ. ತಗ್ಗಿನಲ್ಲಿ ನಿಂತು ಒಂದೇ ಒಂದು ಮಾತು ಕೇಳಿದರು: ನನ್ನ ಮಗ ಬಹಳ ನರಳಿದನೇ, ಯಾರನ್ನಾದರೂ ಕರೆದನೇ? ಏನು ಹೇಳಬೇಕೆಂದು ಹಟ್ಟಿಯವರು ಮೊದಲೇ ಮಾತಾಡಿಕೊಂಡಿದ್ದರು. ಕಾಟಣ್ಣ, “ಇಲ್ಲ ಸಾಮಿ, ಬಿದ್ದ ಏಟಿಗೇ ಜೀವ ಹೋಯ್ತು” ಎಂದ. ಮುದುಕರು ತಲೆಯಾಡಿಸಿದರು. ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಬೊಮ್ಮಕ್ಕ ಹಿಂದಿನಿಂದ ಬಂದು ಅವರೆದುರು ನಿಂತಳು. “ಎರಡು ಸಲ ಕೂಗಿದ್ರು ಸಾಮಿ. ನನ್ನ ಹೆಸರಿಡಿದು ಕೂಗಿದ್ರು. ಮೂರನೇ ಸಲಕ್ಕೆ ಓಗೊಡಾದು ನಮ್ಮ ಕಟ್ಟು. ನಾನು ಕಾದ್ಕಂಡು ನಿಂತಿದ್ದೆ.”

ಮುದುಕರು ಅವಳನ್ನೇ ನೋಡಿದರು. ಆಮೇಲೆ, ಸಿಟ್ಟಿನಿಂದಲ್ಲ, ಇದ್ದದ್ದನ್ನು ಹೇಳುವವರಂತೆ ಹೇಳಿದರು: “ನೀವು ಓ ಅಂದಿದ್ದರೂ ಅವನು ಬದುಕುತ್ತಿರಲಿಲ್ಲವೇನೋ ತಾಯಿ. ಆದರೆ ಅವನಿಗೆ ಕೇಳಿಸುತ್ತಿತ್ತು.” ಇಷ್ಟು ಹೇಳಿ ಬಂಡೆಯನ್ನು ಒಮ್ಮೆ ಕೈಯಿಂದ ಸವರಿ ಇಳಿದುಹೋದರು. ಮತ್ತೆ ಆ ಕಡೆ ಬರಲಿಲ್ಲ.

ಆ ಮಾತು ಬೊಮ್ಮಕ್ಕನ ಜೊತೆಗೆ ಗುಡಿಸಲಿನಲ್ಲಿ ಉಳಿಯಿತು. ಮುಂದಿನ ಸಲ ಮಂಜು ಇಳಿದಾಗ ಅವಳು ತಗ್ಗಿನ ಬಂಡೆಯ ಬಳಿ ಹೋಗಿ ನಿಂತು, ಯಾರೂ ಕೂಗದಿದ್ದರೂ, “ಓ… ಇದೀನಿ” ಎಂದು ದನಿ ತೆಗೆದಳು. ಸ್ವಲ್ಪ ತಡೆದು ಮತ್ತೆ, “ಓ… ಇದೀನಿ.” ಮಂಜು ಕರಗುವವರೆಗೂ ಹಾಗೆಯೇ. ಕೆಳಗೆ ಹಟ್ಟಿಯಲ್ಲಿ ಅದು ಕೇಳಿದವರು ಬಾಗಿಲು ಹಾಕಿಕೊಂಡರು. ಕರೆಯದಿದ್ದರೂ ಓಗೊಟ್ಟು ಮಂಜನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದಾಳೆ, ನಾಳೆ ಹಟ್ಟಿಗೂ ಕೇಡು ಬರುತ್ತದೆ ಎಂದು ಅಂಜಿದರು. ಕಾಟಣ್ಣ ಹತ್ತಿ ಬಂದು ಗದರಿಸಿದ, ಗೋಗರೆದ. ಅವಳು ಕೇಳಿಸಿಕೊಂಡಳು, ಬಿಡಲಿಲ್ಲ. ಆಮೇಲೆ ಹಟ್ಟಿಯವರು ಆ ಮಗ್ಗುಲಿಗೆ ಆಡು ಹೊಡೆಯುವುದನ್ನೇ ನಿಲ್ಲಿಸಿದರು. ಅವಳು ರಾಗಿಗೆ ಇಳಿದಾಗ ಹೆಂಗಸರು ಅಳೆದು ಕೊಟ್ಟು ಒಳಗೆ ಹೋಗುತ್ತಿದ್ದರು. ಮೊದಲು ಅವಳು ಒಂಟಿಯಾಗಿದ್ದಳು ಅಷ್ಟೆ, ಈಗ ಅವಳನ್ನು ಒಂಟಿಯಾಗಿ ಬಿಟ್ಟರು. ಎರಡಕ್ಕೂ ಬಹಳ ವ್ಯತ್ಯಾಸವಿದೆ ಎಂಬುದು ಅನುಭವಿಸಿದವರಿಗೆ ಗೊತ್ತು. ವಿಮಾನದ ಮುರುಕನ್ನು ಅದರವರು ಬಂದು ಸಾಗಿಸಿದ ಮೇಲೆ ಹಿಂದುಳಿದಿದ್ದ ರೆಕ್ಕೆಯ ಒಂದು ತಗಡನ್ನು ಅವಳು ರೊಪ್ಪಕ್ಕೆ ಬಾಗಿಲು ಮಾಡಿಕೊಂಡಳು. ಆ ತಗ್ಗನ್ನು ಎರಡು ಕೂಗಿನ ತಗ್ಗು ಎಂದು ಕರೆದವಳೂ ಅವಳೇ.

ಎಷ್ಟೋ ಮಳೆಗಾಲ ಹೀಗೆ ಹೋಯಿತು. ಕಾಟಣ್ಣನಿಗೂ ವಯಸ್ಸಾಯಿತು. ಒಂದು ದಿನ ತಪ್ಪಿಸಿಕೊಂಡ ಹೋತವನ್ನು ಹುಡುಕುತ್ತ ಅವನು ಮಂಜಿನಲ್ಲಿ ಸಿಕ್ಕಿಬಿದ್ದು, ಜಾರಿ, ಎರಡು ಬಂಡೆಗಳ ಸಂದಿಗೆ ಬಿದ್ದ. ಪಕ್ಕೆಗೆ ಪೆಟ್ಟು ಬಿದ್ದು ಉಸಿರೇ ಏಳದು. ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ಒಂದು ಸಲ ಕೂಗಿದ. ಎರಡನೆಯದಕ್ಕೆ ಬಾಯಿ ತೆರೆದರೆ ದನಿ ಬರಲಿಲ್ಲ. ಇನ್ನೆರಡು ಕೂಗು ಬಾಕಿಯಿವೆ, ಅವಿಲ್ಲದೆ ಯಾರೂ ಬರುವುದಿಲ್ಲ ಎಂದು ಅವನಿಗೆ ಹೊಳೆಯಿತು. ಆ ಕಟ್ಟನ್ನು ಜೀವಮಾನವಿಡೀ ಊರಿಗೆ ಹೇಳಿಕೊಟ್ಟವನೇ ಅವನು. ಅಷ್ಟರಲ್ಲಿ ಮಂಜಿನೊಳಗಿಂದ, “ಓ… ಇದೀನಿ ಕಣಣ್ಣ. ಕುಂತ್ಕಡೆನೇ ಕುಂತಿರು” ಎಂದು ಕೇಳಿತು. ದಾರಿ ಉದ್ದಕ್ಕೂ ಬೊಮ್ಮಕ್ಕ ‘ಓ’ ಎನ್ನುತ್ತಲೇ, ಕೋಲಿನಿಂದ ನೆಲ ತಡವುತ್ತ ಬಂದಳು. ಆತುರಪಟ್ಟು ಓಡಲಿಲ್ಲ. ಓಗೊಡುವುದಕ್ಕೂ ಓಡುವುದಕ್ಕೂ ಸಂಬಂಧವಿಲ್ಲ ಎಂಬುದನ್ನು ಅವಳು ಅಷ್ಟು ವರ್ಷದಲ್ಲಿ ಕಲಿತಿದ್ದಳು.

ವಾಸಿಯಾದ ಮೇಲೆ ಕಾಟಣ್ಣ ಹಟ್ಟಿಯ ಕಟ್ಟೆಯ ಮೇಲೆ ಎಲ್ಲರನ್ನೂ ಕೂರಿಸಿಕೊಂಡ. “ಆಯಮ್ಮ ಬಂದು ಮುಟ್ಟೋದಕ್ಕೆ ಭಾಳ ಹೊತ್ತಾಯ್ತು. ಆದ್ರೆ ಓ ಅಂದಿದ್ದು ಕೇಳುತ್ಲೂ ನನ್ನ ಭಯ ಹೋಯ್ತು ಕಣ್ರಪ್ಪ. ಸತ್ರೂ ಸರಿ ಅನ್ನಂಗಾಯ್ತು. ಆ ಹುಡ್ಗನಿಗೆ ಅದೊಂದು ನಾವು ಕೊಡ್ಲಿಲ್ಲ” ಎಂದು ಹೇಳಿ, ಯಜಮಾನಿಕೆಯನ್ನೆಲ್ಲ ಮರೆತು ಅತ್ತ. ಅವನು ಅತ್ತದ್ದನ್ನು ಹಟ್ಟಿ ಅದೇ ಮೊದಲು ಕಂಡದ್ದು.

ಬೊಮ್ಮಕ್ಕ ತೀರಿಕೊಂಡದ್ದು ಒಂದು ಬೇಸಗೆಯಲ್ಲಿ, ಆಕಾಶ ನಿಚ್ಚಳವಾಗಿದ್ದ ದಿನ, ಯಾರನ್ನೂ ಕೂಗದೆ. ಬೆಳಗ್ಗೆ ಗುಡಿಸಲಿನಿಂದ ಹೊಗೆ ಏಳದಿದ್ದುದನ್ನು ನೋಡಿ ಕೆಳಗಿನವರಿಗೆ ಗೊತ್ತಾಯಿತು. ಅವಳನ್ನು ರೊಪ್ಪದ ಪಕ್ಕದಲ್ಲೇ ಮಣ್ಣು ಮಾಡಿದರು. ಆ ವರ್ಷದ ಮುಂಗಾರಿನ ಮೊದಲ ಮಂಜು ಇಳಿದ ಬೆಳಗ್ಗೆ ಗುಡ್ಡ ಮೌನವಾಗಿತ್ತು. ಹಿಂದೆ ಆ ದನಿಗೆ ಹೆದರಿ ಬಾಗಿಲು ಹಾಕಿಕೊಂಡಿದ್ದವರೇ ಈಗ ಅದಿಲ್ಲದೆ ಅಂಗಳಕ್ಕೆ ಬಂದು ಮೇಲೆ ನೋಡುತ್ತ ನಿಂತರು. ಕಾಟಣ್ಣ ಕಂಬಳಿ ಹೊದ್ದು, ಕೋಲು ಹಿಡಿದು, ಒಬ್ಬನೇ ಹತ್ತಿಹೋದ. ಬಹಳ ಹೊತ್ತಿನ ಮೇಲೆ ಮಂಜಿನೊಳಗಿಂದ ಅವನ ಒಡಕು ದನಿಯಲ್ಲಿ “ಓ… ಇದೀನಿ” ಎಂದು ಕೇಳಿಬಂತು. ಕೆಳಗಿದ್ದವರು ಒಬ್ಬೊಬ್ಬರಾಗಿ ಅದಕ್ಕೆ ಓಗೊಟ್ಟರು. ನವಿಲುಗುಡ್ಡವೆಂಬ ಹೆಸರನ್ನು ಆಮೇಲೆ ಯಾರೂ ಹೇಳಿದ್ದಿಲ್ಲ ಎನ್ನುತ್ತಾರೆ.

ಈಗ ಹೋದವರಿಗೂ ಅರ್ಧ ಗುಡ್ಡದಲ್ಲಿ ಆ ರೊಪ್ಪ ಕಾಣಸಿಗುತ್ತದೆ. ಗೋಡೆ ಅಲ್ಲಲ್ಲಿ ಕುಸಿದಿದೆ, ತಗಡಿನ ಬಾಗಿಲು ಮಾತ್ರ ತುಕ್ಕು ಹಿಡಿಯದೆ ಬಿಸಿಲಿಗೆ ಹೊಳೆಯುತ್ತದೆ. ಹಿಂದಿನ ತಗ್ಗಿನಲ್ಲಿ ಒರಗುಬಂಡೆಯಿದೆ, ಮುಂಗಾರಿನ ಮೊದಲ ಮಂಜಿನ ದಿನ ಹಟ್ಟಿಯವರು ಅದರ ಮೇಲೆ ಒಂದು ಲೋಟ ಮಜ್ಜಿಗೆ ಇಟ್ಟು ಬರುತ್ತಾರೆ. ನೋಡಲು ಬಂದವರು ಬಂಡೆಯ ಮೇಲೆ ನಿಂತು ತಮ್ಮ ಹೆಸರನ್ನೋ ಜೊತೆಗಾರರ ಹೆಸರನ್ನೋ ಕೂಗುತ್ತಾರೆ. ಎಲ್ಲಿಯೋ ಆಡು ಮೇಯಿಸುತ್ತಿರುವವರು, ಕಣ್ಣಿಗೆ ಕಾಣದಷ್ಟು ದೂರದಿಂದ, “ಓ… ಇದೀನಿ” ಎನ್ನುತ್ತಾರೆ. ಬಂದವರಿಗೆ ನಗು, ಮತ್ತೆ ಕೂಗುತ್ತಾರೆ. ಮತ್ತೆ ಓಗೊಡುತ್ತಾರೆ. ದಿನವಿಡೀ ಹೀಗೆ ಆಟಕ್ಕೆ ಕೂಗುವವರಿಗೆಲ್ಲ ಓಗೊಟ್ಟು ನಿಮಗೆ ಸಾಕಾಗುವುದಿಲ್ಲವೇ ಎಂದು ಒಮ್ಮೆ ಯಾರೋ ಅಲ್ಲಿಯ ಹೆಂಗಸೊಬ್ಬಳನ್ನು ಕೇಳಿದರಂತೆ. ಅವಳು ಆಡುಗಳ ಮೇಲಿನ ಕಣ್ಣು ತೆಗೆಯದೆ, “ಆಟಕ್ಕೆ ಕೂಗಿದ್ದೋ ಅಲ್ವೋ ಅಂತ ಒಂದ್ಸಲ ಕಾದು ನೋಡಿದೀವಿ ಸಾಮಿ” ಎಂದಳು. ಅಷ್ಟರಲ್ಲಿ ಮೇಲಿಂದ ಇನ್ನಾರೋ ಕೂಗಿದರು, ಅವಳು ಮಾತು ನಿಲ್ಲಿಸಿ ಓಗೊಟ್ಟಳು.